ರಿಪೇರಿ ಮೇಜು: ಬಿಡಿ ಸೆಲ್ ಕೊಳ್ಳುವ ಮುಂಚೆ, ಚಾರ್ಜಿಗೆ ಹಾಕುವ ಮುಂಚೆ

ಕಳೆದ ಸಂಚಿಕೆಯಲ್ಲಿ ಪವರ್ ಬ್ಯಾಂಕ್ ಬಗ್ಗೆ ಬರೆದಿದ್ದೆ. ಅದರೊಳಗೆ ಹೆಬ್ಬೆರಳು ಗಾತ್ರದ ಲಿಥಿಯಂ ಸೆಲ್‌ಗಳಿರುತ್ತವೆ ಎಂದು ಒಂದು ಸಾಲು ಬಂದಿತ್ತು. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲಿನ ಬಗ್ಗೆಯೇ. ಹೊಲಕ್ಕೆ ಒಯ್ಯುವ ಹೆಡ್‌ಲ್ಯಾಂಪ್, ಸೋಲಾರ್ ದೀಪ, ಕೈಯಲ್ಲಿ ಹಿಡಿಯುವ ಫ್ಯಾನ್, ಹಳೆ ಲ್ಯಾಪ್‌ಟಾಪ್, ವೇಪ್ ಯಂತ್ರ ಅಂದರೆ ಇ-ಸಿಗರೇಟ್. ಎಲ್ಲದರಲ್ಲೂ ಅದೇ ಸೆಲ್. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಶಹಾಪುರದ ನನ್ನ ಅಂಗಡಿಗೆ ಬಂದವರೂ ಇದನ್ನೇ ಕೇಳುತ್ತಾರೆ. ಅವರಿಗೆ ನಾನು ಮೊದಲು ಹೇಳುವ ಮಾತು ಒಂದಿದೆ. 18650 ಎಂಬ ಈ ಸೆಲ್ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಇದನ್ನು ತಯಾರಿಸುವ ಕಂಪನಿಗಳು ಜೋಡಿಸಿ, ಬೆಸುಗೆ ಹಾಕಿ, ಕಾವಲು ಸರ್ಕ್ಯೂಟ್ ಕೂಡಿಸಿದ ಪ್ಯಾಕಿಗಾಗಿ ಇದನ್ನು ಮಾಡುತ್ತವೆ. ಬಿಡಿಯಾಗಿ ಜನರ ಕೈಗೆ ಕೊಡಲು ಮಾಡಿದ್ದಲ್ಲ. ಸ್ಯಾಮ್‌ಸಂಗ್, ಎಲ್‌ಜಿ, ಸೋನಿ ಇದನ್ನು ಬಾಯಿಬಿಟ್ಟು ಹೇಳಿವೆ. ನಮ್ಮ ಸೆಲ್‌ಗಳನ್ನು ವೇಪ್ ಯಂತ್ರದಲ್ಲಿ ಬಿಡಿಯಾಗಿ ಬಳಸಬೇಡಿ ಎಂದು ಎಚ್ಚರಿಕೆ ಕೊಟ್ಟಿವೆ. ಆದರೂ ಸೆಲ್ ಬಿಡಿಯಾಗಿ ಮಾರಾಟವಾಗುತ್ತದೆ, ನಾವೂ ಕೊಳ್ಳುತ್ತೇವೆ. ಹಾಗೆ ಕೊಂಡ ಮೇಲೆ ಆ ಕಾವಲು ಸರ್ಕ್ಯೂಟ್ ಮಾಡಬೇಕಿದ್ದ ಕೆಲಸ ನಮ್ಮ ತಲೆಗೆ ಬರುತ್ತದೆ. ಕೆಳಗಿನ ಉತ್ತರಗಳೆಲ್ಲ ಆ ಕೆಲಸದ ಬಗ್ಗೆಯೇ.

ಪ್ರಶ್ನೆ: ಅಕ್ಕಾ, ನನ್ನ ತಮ್ಮ ಕೊಲ್ಲಿ ದೇಶದಲ್ಲಿ ಕೆಲಸಕ್ಕಿದ್ದಾನೆ. ರಜೆಗೆ ಬಂದಾಗ ವೇಪ್ ಯಂತ್ರ ತಂದಿದ್ದಾನೆ. ಎರಡು ಸೆಲ್ ಹಾಕುವಂಥದ್ದು. ಒಂದು ಸೆಲ್ಲಿನ ಮೇಲಿನ ಪ್ಲಾಸ್ಟಿಕ್ ಹರಿದಿದೆ. ಅದನ್ನೇ ಪ್ಯಾಂಟ್ ಜೇಬಿನಲ್ಲಿ ಹಾಕಿಕೊಂಡು ತಿರುಗುತ್ತಾನೆ. ಹೊಸದು ಯಾವುದು ತರಬೇಕು, ಹೇಗೆ ಚಾರ್ಜ್ ಮಾಡಬೇಕು ಎಂದು ಕೇಳುತ್ತಾನೆ. ನನಗಂತೂ ಭಯ. — ಹೆಸರು ಬೇಡ, ನಿಪ್ಪಾಣಿ

ಈ ಪತ್ರ ಓದಿ ಮುಗಿಸುವ ಮುಂಚೆ ಆ ಹರಿದ ಸೆಲ್ಲನ್ನು ಜೇಬಿನಿಂದ ತೆಗೆಸಿ. ಎರಡೂ ತುದಿಗೆ ಟೇಪ್ ಅಂಟಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಉಳಿದದ್ದು ಆಮೇಲೆ ಓದಿದರಾಯಿತು.

ನಿಮ್ಮ ಭಯ ಸರಿಯಾಗಿದೆ. ಈ ಸೆಲ್ಲಿನ ಉಕ್ಕಿನ ಡಬ್ಬಿ ಪೂರ್ತಿಯಾಗಿ ನೆಗೆಟಿವ್. ಕೆಳಗಿನ ತಳ ಮಾತ್ರ ನೆಗೆಟಿವ್ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಪಕ್ಕದ ಗೋಡೆ, ಮೇಲೆ ಪಾಸಿಟಿವ್ ಗುಂಡಿಯ ಸುತ್ತ ಇರುವ ಅಂಚು, ಎಲ್ಲವೂ ನೆಗೆಟಿವ್. ಪಾಸಿಟಿವ್ ಮತ್ತು ಆ ಅಂಚಿನ ನಡುವೆ ಒಂದೆರಡು ಮಿಲಿಮೀಟರ್ ಜಾಗ, ಒಂದು ಕಾಗದದ ಬಿಲ್ಲೆ, ಮೇಲೊಂದು ತೆಳ್ಳನೆ ಪ್ಲಾಸ್ಟಿಕ್ ಹೊದಿಕೆ. ಇಷ್ಟೇ ಅಡ್ಡ ಇರುವುದು. ಹೊದಿಕೆ ಹರಿದ ಜಾಗದಲ್ಲಿ ಬೈಕಿನ ಕೀಲಿಯೋ ಐದು ರೂಪಾಯಿ ನಾಣ್ಯವೋ ತಾಗಿದರೆ ನೇರ ಶಾರ್ಟ್. ಹತ್ತಾರು ಆಂಪ್ ಕರೆಂಟ್ ಒಂದೇ ಸಲಕ್ಕೆ ಹರಿಯುತ್ತದೆ. ಪ್ಯಾಂಟ್ ಬಿಚ್ಚುವಷ್ಟು ಹೊತ್ತೂ ಸಿಗುವುದಿಲ್ಲ.

ಅಮೆರಿಕದ ಅಗ್ನಿಶಾಮಕ ಆಡಳಿತ 2017ರಲ್ಲಿ ಒಂದು ವರದಿ ಕೊಟ್ಟಿತು. 2009ರಿಂದ 2016ರ ತನಕ ಪತ್ರಿಕೆಗಳಲ್ಲಿ ಬಂದ ವೇಪ್ ಬೆಂಕಿ ಮತ್ತು ಸ್ಫೋಟದ 195 ಪ್ರಕರಣಗಳನ್ನು ಅದರಲ್ಲಿ ಒಟ್ಟುಮಾಡಿದ್ದರು. ಯಂತ್ರವೋ ಬಿಡಿ ಸೆಲ್ಲೋ ಜೇಬಿನಲ್ಲಿದ್ದಾಗ ಆದವು 61. ಸೇದುವಾಗ ಆದವು 60. ಚಾರ್ಜ್ ಮಾಡುವಾಗ 48. ನಾವೆಲ್ಲ ಚಾರ್ಜಿಂಗಿಗೆ ಹೆದರುತ್ತೇವೆ, ಅಲ್ವಾ? ಜೇಬು ಅದಕ್ಕಿಂತ ಮುಂದಿದೆ. 2018ರಲ್ಲಿ ಫ್ಲಾರಿಡಾದಲ್ಲಿ, 2019ರಲ್ಲಿ ಟೆಕ್ಸಸ್‌ನಲ್ಲಿ ವೇಪ್ ಸಿಡಿದು ಒಬ್ಬೊಬ್ಬರು ಸತ್ತರು. ಇಬ್ಬರೂ ನಲವತ್ತರ ಒಳಗಿನವರು.

ಕಾನೂನಿನ ಮಾತನ್ನೂ ಹೇಳಲೇಬೇಕು. ನಮ್ಮ ದೇಶದಲ್ಲಿ ಇ-ಸಿಗರೇಟ್ ಮೇಲೆ ನಿಷೇಧವಿದೆ. 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಬಂತು, ಡಿಸೆಂಬರ್‌ನಲ್ಲಿ ಕಾಯ್ದೆಯಾಯಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು, ದಾಸ್ತಾನು ಎಲ್ಲವೂ ಅಪರಾಧ. ಮಾರುವುದು, ಆಮದು ಮಾಡುವುದು ಇಂಥದ್ದಕ್ಕೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಿಮ್ಮ ತಮ್ಮ ಅದನ್ನು ಗಡಿ ದಾಟಿಸಿ ತಂದದ್ದೇ ತಪ್ಪು. ನನ್ನ ಅಂಗಡಿಯಲ್ಲಿ ವೇಪ್ ರಿಪೇರಿ ಮಾಡುವುದಿಲ್ಲ. ಅದರ ಕಾಯಿಲ್ (ದ್ರವ ಕಾಯಿಸುವ ತಂತಿ ಸುರುಳಿ), ದ್ರವ ಯಾವುದನ್ನೂ ಮುಟ್ಟುವುದಿಲ್ಲ. ನಿಪ್ಪಾಣಿಯಂಥ ತಂಬಾಕಿನ ಊರಿನವರಿಗೆ ನಿಕೋಟಿನ್ ಬಗ್ಗೆ ನಾನು ಹೊಸದಾಗಿ ಹೇಳಬೇಕಾದದ್ದೂ ಇಲ್ಲ. ಯಂತ್ರವನ್ನು ಬಿಟ್ಟುಬಿಡಲಿ ಎಂಬುದೇ ನನ್ನ ಸಲಹೆ. ಆದರೆ ಸೆಲ್ ನಿಮ್ಮ ಮನೆಯಲ್ಲಿದೆ. ಅವನು ಮರಳಿ ಹೋದ ಮೇಲೆ, ಅಲ್ಲಿನ ಕೋಣೆಯಲ್ಲೂ ಸೆಲ್ ಇರುತ್ತದೆ. ಗೊತ್ತಿಲ್ಲದೆ ಸುಟ್ಟುಕೊಳ್ಳುವುದಕ್ಕಿಂತ ಗೊತ್ತಿರುವುದು ಮೇಲು. ಅದಕ್ಕೆ ಹೇಳುತ್ತೇನೆ.

ಸೆಲ್ ಆರಿಸುವಾಗ ಎಲ್ಲರೂ ನೋಡುವುದು ಎಂಎಎಚ್ (ಮಿಲಿ ಆಂಪ್ ಅವರ್) ಸಂಖ್ಯೆ. ಎಷ್ಟು ಹೊತ್ತು ಬರುತ್ತದೆ ಎಂಬುದನ್ನು ಅದು ಹೇಳುತ್ತದೆ. ಎಷ್ಟು ಜೋರಾಗಿ ಕರೆಂಟ್ ಎಳೆಯಬಹುದು ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಬೇರೆ ಸಂಖ್ಯೆ ಇದೆ, ಆಂಪ್‌ನಲ್ಲಿ. ಇವೆರಡೂ ಸಾಮಾನ್ಯವಾಗಿ ಎದುರು ದಿಕ್ಕಿಗೆ ಹೋಗುತ್ತವೆ. ಸ್ಯಾಮ್‌ಸಂಗ್‌ನ 35ಇ ಎಂಬ ಸೆಲ್ 3500 ಎಂಎಎಚ್, ಆದರೆ ಸತತವಾಗಿ ಎಳೆಯಬಹುದಾದದ್ದು 8 ಆಂಪ್ ಮಾತ್ರ. ಅದೇ ಕಂಪನಿಯ 25ಆರ್ ಬರೀ 2500 ಎಂಎಎಚ್, ಆದರೆ 20 ಆಂಪ್ ತಾಳುತ್ತದೆ. ದೊಡ್ಡ ಸಂಖ್ಯೆ ನೋಡಿ 35ಇ ತಂದು ಜೋರಾಗಿ ಎಳೆಯುವ ಯಂತ್ರಕ್ಕೆ ಹಾಕಿದರೆ ಅದು ಒಳಗೊಳಗೇ ಕಾಯುತ್ತದೆ. ಎಲ್‌ಜಿಯ ಎಚ್‌ಜಿ2 ಸೆಲ್ 3000 ಎಂಎಎಚ್, 20 ಆಂಪ್.

ಯಂತ್ರ ಎಷ್ಟು ಎಳೆಯುತ್ತದೆ ಎಂಬ ಲೆಕ್ಕ ಹೈಸ್ಕೂಲಿನ ಓಮ್ ನಿಯಮವೇ. ಸರ್ಕ್ಯೂಟ್ ಇಲ್ಲದ ಬರೀ ಕೊಳವೆ ಯಂತ್ರದಲ್ಲಿ ಸೆಲ್ಲಿನ ವೋಲ್ಟನ್ನು ಕಾಯಿಲ್‌ನ ಓಮ್‌ನಿಂದ ಭಾಗಿಸಿ. ತುಂಬಿದ ಸೆಲ್ 4.2 ವೋಲ್ಟ್. ಕಾಯಿಲ್ 0.5 ಓಮ್ ಇದ್ದರೆ 8.4 ಆಂಪ್. 0.2 ಓಮ್ ಇದ್ದರೆ 21 ಆಂಪ್. ಓಮ್ ಸ್ವಲ್ಪ ಇಳಿದರೂ ಕರೆಂಟ್ ಎಷ್ಟು ಏರಿತು ನೋಡಿ. ಅಂಥ ಕೊಳವೆಯಲ್ಲಿ ಗಾಳಿ ಹೋಗುವ ತೂತುಗಳೂ ಇಲ್ಲದಿದ್ದರೆ, ಕಾದ ಸೆಲ್ ಬಿಡುವ ಅನಿಲಕ್ಕೆ ದಾರಿ ಇರುವುದಿಲ್ಲ. ಸಿಡಿಯುವುದು ಹೀಗೆ. ಆ ಥರದ್ದನ್ನು ಯಾರೂ ಇಟ್ಟುಕೊಳ್ಳಬಾರದು.

ನಿಮ್ಮ ತಮ್ಮನದು ಎರಡು ಸೆಲ್ಲಿನದು ಎಂದರೆ ಒಳಗೆ ಚಿಪ್ ಇರುವ ಸಾಧ್ಯತೆ ಜಾಸ್ತಿ. ಅಲ್ಲಿ ಲೆಕ್ಕ ವ್ಯಾಟಿನಿಂದ. 60 ವ್ಯಾಟ್ ಇಟ್ಟರೆ ಒಂದೊಂದು ಸೆಲ್ ಮೇಲೆ 30 ವ್ಯಾಟ್ ಬೀಳುತ್ತದೆ. ಸೆಲ್ ಖಾಲಿಯಾಗುತ್ತ 3.2 ವೋಲ್ಟಿಗೆ ಇಳಿದಾಗ 30ನ್ನು 3.2ರಿಂದ ಭಾಗಿಸಿ. ಸುಮಾರು 9.4 ಆಂಪ್. ಚಿಪ್ಪೂ ಸ್ವಲ್ಪ ತಿನ್ನುತ್ತದೆ, 10 ಎಂದುಕೊಳ್ಳಿ. ತುಂಬಿದಾಗಿನ ವೋಲ್ಟಿನಿಂದ ಲೆಕ್ಕ ಹಾಕಬೇಡಿ. ಇಂಥ ಯಂತ್ರದಲ್ಲಿ ಸೆಲ್ ಖಾಲಿಯಾದಷ್ಟೂ ಎಳೆತ ಜಾಸ್ತಿ.

ಎರಡು ಸೆಲ್ ಎಂದರೆ ಜೋಡಿ. ಒಂದೇ ಕಂಪನಿ, ಒಂದೇ ಮಾದರಿ, ಒಂದೇ ದಿನ ಕೊಂಡದ್ದು. ಮೊದಲ ದಿನದಿಂದ ಒಟ್ಟಿಗೇ ಬಳಸಬೇಕು, ಒಟ್ಟಿಗೇ ಚಾರ್ಜ್ ಮಾಡಬೇಕು, ಒಟ್ಟಿಗೇ ಎಸೆಯಬೇಕು. ಅಂಗಡಿಗೆ ತರುವವರಿಗೆ ನಾನು ಹೇಳುವುದು ಇಷ್ಟು: ಮಾರ್ಕರ್ ತೆಗೆದುಕೊಂಡು ಒಂದು ಜೋಡಿಯ ಮೇಲೆ ‘ಕ’ ಬರೆಯಿರಿ, ಇನ್ನೊಂದು ಜೋಡಿಯ ಮೇಲೆ ‘ಖ’ ಬರೆಯಿರಿ. ಹೊಸದೊಂದು ಹಳೆಯದೊಂದು ಸೇರಿಸಿದರೆ, ಹಳೆಯದು ಬೇಗ ಖಾಲಿಯಾಗುತ್ತದೆ. ಹೊಸದು ಇನ್ನೂ ನೂಕುತ್ತಲೇ ಇರುತ್ತದೆ. ಖಾಲಿ ಸೆಲ್ ಶೂನ್ಯಕ್ಕಿಂತ ಕೆಳಗೆ, ಉಲ್ಟಾ ಹೋಗುತ್ತದೆ. ಹರಿದ ಸೆಲ್ಲಿನ ಬದಲು ಒಂದೇ ಒಂದು ಹೊಸದು ತರುವ ಯೋಚನೆಯಿದ್ದರೆ ಬಿಟ್ಟುಬಿಡಿ.

ಚಾರ್ಜಿಂಗ್ ವಿಷಯದಲ್ಲಿ, ಯಂತ್ರದ ಯುಎಸ್‌ಬಿ ತೂತು ಬೇಡ. ಎರಡು ಸೆಲ್ಲಿನ ವೋಲ್ಟ್ ಸಮ ಮಾಡುವ ಸರ್ಕ್ಯೂಟ್ ಅಗ್ಗದ ಯಂತ್ರಗಳಲ್ಲಿ ಇರುವುದೇ ಕಡಿಮೆ. ಸೆಲ್ ಹೊರತೆಗೆದು, ಪ್ರತಿ ಸೆಲ್ಲಿಗೂ ಪ್ರತ್ಯೇಕ ಮನೆ ಇರುವ ಹೊರ ಚಾರ್ಜರ್‌ನಲ್ಲಿ ಹಾಕಲಿ. 1 ಆಂಪ್ ಸಾಕು.

ಪ್ರಶ್ನೆ: ಹೆಡ್‌ಲ್ಯಾಂಪಿಗೆ 9900 ಎಂಎಎಚ್ ಎಂದು ಬರೆದ ಸೆಲ್ ತಂದೆ. ಒಂದು ತಾಸಿನಲ್ಲಿ ಮಂಕಾಗುತ್ತದೆ. ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕರೆಂಟ್ ಬಂದಾಗ ಕಬ್ಬಿಗೆ ನೀರು ಬಿಡಲು ಹೋಗಬೇಕು. ಹಾವಿನ ಭಯ ಬೇರೆ. ಚಾರ್ಜರ್ ಕೆಟ್ಟಿದೆಯೋ ಸೆಲ್ ಕೆಟ್ಟಿದೆಯೋ? — ಒಬ್ಬ ರೈತ, ಮುಧೋಳ

ಎರಡೂ ಅಲ್ಲ. ಸೆಲ್ ಮೇಲೆ ಬರೆದದ್ದೇ ಸುಳ್ಳು.

18650 ಗಾತ್ರದ ಡಬ್ಬಿಯಲ್ಲಿ ಇವತ್ತಿನವರೆಗೆ ಒಳ್ಳೆಯ ಕಂಪನಿಗಳು ತುಂಬಿಸಲು ಸಾಧ್ಯವಾದದ್ದು ಸುಮಾರು 3500 ಎಂಎಎಚ್. ಅದರ ಆಚೆ ಈಚೆ ಸ್ವಲ್ಪ. 5000, 6800, 9900 ಎಂದು ಯಾವುದರ ಮೇಲೆ ಬರೆದಿದ್ದರೂ ನೇರವಾಗಿ ವಾಪಸ್ ಕೊಡಿ. ಸಂಖ್ಯೆಯಲ್ಲಿ ಸುಳ್ಳು ಹೇಳಿದವನು ಒಳಗಿನ ಸುರಕ್ಷತೆಯಲ್ಲಿ ನಿಜ ಹೇಳಿರುತ್ತಾನೆ ಎಂದು ನಂಬಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಲೆಕ್ಕ ನೀವೇ ಮಾಡಿ ನೋಡಿ. ನಿಮ್ಮ ದೀಪ ಸುಮಾರು 1 ಆಂಪ್ ಎಳೆಯುತ್ತದೆ ಎಂದುಕೊಳ್ಳಿ. 9900 ನಿಜವಾಗಿದ್ದರೆ ಹತ್ತು ತಾಸಿನ ಹತ್ತಿರ ಉರಿಯಬೇಕಿತ್ತು. ಒಂದು ತಾಸು ಬರುತ್ತದೆ ಎಂದರೆ ಒಳಗಿರುವುದು 1000ದ ಆಸುಪಾಸು. 3000 ಎಂಎಎಚ್‌ನ ನಿಜವಾದ ಸೆಲ್ ಆದರೆ ಮೂರು ತಾಸಿನವರೆಗೆ ತರುತ್ತದೆ.

ಅಂಗಡಿಯಲ್ಲೇ ಗುರುತಿಸಲು ತಕ್ಕಡಿ ಸಾಕು. ನಿಜವಾದ 18650 ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. ಸುಳ್ಳು ಸೆಲ್‌ಗಳು ಬಹಳ ಹಗುರ. ಅಂಥದ್ದನ್ನು ಬಿಚ್ಚಿದವರಿಗೆ ಒಳಗೆ ಚಿಕ್ಕ ಸೆಲ್, ಉಳಿದ ಜಾಗಕ್ಕೆ ಪುಡಿ ತುಂಬಿದ್ದೂ ಸಿಕ್ಕಿದೆ. ಹಾಗಾಗಿ ತೂಕ ಸರಿಯಿದ್ದರೂ ಪೂರ್ತಿ ನಂಬಬೇಡಿ. ತೂಕ ಕಡಿಮೆ ಇದ್ದರಂತೂ ಮಾತೇ ಬೇಡ. ಮುಧೋಳದಲ್ಲಿ ಸಂತೆಗೆ ಹೋಗುವವರ ಹತ್ತಿರ ಸಣ್ಣ ಡಿಜಿಟಲ್ ತಕ್ಕಡಿ ಇದ್ದೇ ಇರುತ್ತದೆ. ಕೇಳಿ, ಯಾರೂ ಬೇಡ ಅನ್ನುವುದಿಲ್ಲ.

ಸೆಲ್ ಮೇಲೆ ಅಥವಾ ಡಬ್ಬಿಯ ಮೇಲೆ ಐಎಸ್ 16046 ಎಂಬ ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ತೋರಿಸುತ್ತದೆ. ಇಂಥ ಸೆಲ್‌ಗಳನ್ನು ಒಳಗಿನಿಂದ ನಿಜವಾಗಿ ತಯಾರಿಸುವ ದೊಡ್ಡ ಹೆಸರುಗಳು ಕೆಲವೇ: ಪ್ಯಾನಸಾನಿಕ್, ಸ್ಯಾಮ್‌ಸಂಗ್, ಎಲ್‌ಜಿ, ಮುರಾಟಾ, ಮೊಲಿಸೆಲ್. ಸೋನಿ ತನ್ನ ಬ್ಯಾಟರಿ ವ್ಯಾಪಾರವನ್ನು 2017ರಲ್ಲಿ ಮುರಾಟಾಗೆ ಮಾರಿತು. ಬಣ್ಣಬಣ್ಣದ ಹೊದಿಕೆಯ ಉಳಿದ ಎಷ್ಟೋ ಹೆಸರುಗಳು ಬೇರೆಯವರ ಸೆಲ್ಲಿಗೆ ತಮ್ಮ ಪ್ಲಾಸ್ಟಿಕ್ ತೊಡಿಸಿ ಮಾರುವಂಥವು.

ನಿಮ್ಮ ಕೆಲಸಕ್ಕೆ ಕಾವಲು ಸರ್ಕ್ಯೂಟ್ ಇರುವ ಸೆಲ್ ಕೇಳಿ ಪಡೆಯಿರಿ. ತಳದಲ್ಲಿ ಸಣ್ಣ ಬಿಲ್ಲೆ ಸರ್ಕ್ಯೂಟ್ ಇರುತ್ತದೆ. ಶಾರ್ಟ್ ಆದರೆ, ಅತಿಯಾಗಿ ಖಾಲಿಯಾದರೆ ಅದು ಕತ್ತರಿಸುತ್ತದೆ. ಅದರಿಂದ ಸೆಲ್ 69–70 ಮಿಲಿಮೀಟರ್ ಉದ್ದವಾಗುತ್ತದೆ. ಕೆಲವು ಹೆಡ್‌ಲ್ಯಾಂಪಿನಲ್ಲಿ ಕೂರುವುದಿಲ್ಲ. ದೀಪವನ್ನು ಜೊತೆಗೆ ಒಯ್ದು ಹಾಕಿ ನೋಡಿ ಕೊಳ್ಳಿ. ಒತ್ತಿ ತುರುಕಬೇಡಿ. ಮತ್ತೆ, ಹಾವಿನ ಊರಲ್ಲಿ ಒಂದೇ ದೀಪ ನಂಬಿ ಹೋಗಬೇಡಿ. ಇನ್ನೊಂದು ಸಣ್ಣ ಟಾರ್ಚ್ ಅಂಗಿ ಜೇಬಿನಲ್ಲಿರಲಿ. ಬಿಡಿ ಸೆಲ್ ಒಯ್ಯುವುದಾದರೆ ಎಲೆ ಅಡಿಕೆ, ಸುಣ್ಣದ ಡಬ್ಬಿ ಇರುವ ಜೇಬಿಗೆ ಹಾಕಬೇಡಿ. ಸುಣ್ಣದ ಡಬ್ಬಿ ಲೋಹದ್ದು. ಸೆಲ್ಲಿಗೆ ಪ್ಲಾಸ್ಟಿಕ್ ಡಬ್ಬಿ ಬೇರೆ ಬರುತ್ತದೆ, ಬೆಲೆ ಬಹಳ ಕಡಿಮೆ.

ಪ್ರಶ್ನೆ: ಸೆಲ್ ಚಾರ್ಜಿಗೆ ಹಾಕಿದರೆ ಕೆಂಪು ದೀಪ ಹಸಿರಾಗುವುದೇ ಇಲ್ಲ. ರಾತ್ರಿಯಿಡೀ ಬಿಟ್ಟು ಮಲಗುತ್ತೇವೆ. ಬೇಸಿಗೆಯಲ್ಲಿ ಚಾರ್ಜರ್ ಮುಟ್ಟಲಾಗದಷ್ಟು ಬಿಸಿ. ತೊಂದರೆ ಇಲ್ಲವೇ? — ಗೃಹಿಣಿ, ವಿಜಯಪುರ

ತೊಂದರೆ ಇದೆ ತಾಯಿ. ಮಲಗುವಾಗ ಬಿಡಬೇಡಿ.

ಲಿಥಿಯಂ ಸೆಲ್ ಎರಡು ಹಂತದಲ್ಲಿ ತುಂಬುತ್ತದೆ. ಮೊದಲು ಚಾರ್ಜರ್ ಒಂದೇ ಸಮ ಕರೆಂಟ್ ಕೊಡುತ್ತದೆ, ವೋಲ್ಟ್ ಏರುತ್ತ ಹೋಗುತ್ತದೆ. 4.2 ಮುಟ್ಟಿದ ಮೇಲೆ ವೋಲ್ಟನ್ನು ಅಲ್ಲೇ ಹಿಡಿದು, ಕರೆಂಟನ್ನು ಇಳಿಸುತ್ತ ಇಳಿಸುತ್ತ ಕೊನೆಗೆ ನಿಲ್ಲಿಸುತ್ತದೆ. ಈ ಕೊನೆಯ ಭಾಗ ನಿಧಾನ. ಅದಕ್ಕೆ ಕೆಂಪು ದೀಪ ಬಹಳ ಹೊತ್ತು ಇದ್ದ ಹಾಗೆ ಕಾಣುತ್ತದೆ. 3000 ಎಂಎಎಚ್ ಸೆಲ್ಲಿಗೆ 1 ಆಂಪ್ ಚಾರ್ಜರ್‌ನಲ್ಲಿ ನಾಲ್ಕು ತಾಸು ಹಿಡಿಯುವುದು ಸಹಜ. ಅದಕ್ಕಿಂತ ಬಹಳ ಜಾಸ್ತಿ ಆದರೂ ಹಸಿರು ಬರುವುದಿಲ್ಲ ಎಂದರೆ ಸೆಲ್ ಒಳಗೇ ಸೋರುತ್ತಿದೆ, ಇಲ್ಲವೇ ಚಾರ್ಜರ್ ನಿಲ್ಲಿಸುವುದನ್ನೇ ಮರೆತಿದೆ.

ಇದನ್ನು ಪರೀಕ್ಷಿಸಲು ಮಲ್ಟಿಮೀಟರ್ ಬೇಕು. ಸೆಲ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ. 4.15ರಿಂದ 4.2 ಇದ್ದರೆ ಚಾರ್ಜರ್ ಒಳ್ಳೆಯದು. 4.25 ದಾಟಿದ್ದರೆ ಆ ಚಾರ್ಜರನ್ನು ಅವತ್ತೇ ಮುರಿದು ಹಾಕಿ, ಬೇರೆ ಯಾರಿಗೂ ಕೊಡಬೇಡಿ. ಮನೆಯಲ್ಲಿ ಮೀಟರ್ ಇಲ್ಲದಿದ್ದರೆ ಹತ್ತಿರದ ಟಿವಿ ರಿಪೇರಿಯವರು ಒಂದು ನಿಮಿಷದಲ್ಲಿ ನೋಡಿ ಹೇಳುತ್ತಾರೆ.

ವಿಜಯಪುರದ ಬಿಸಿಲಿನ ಬಗ್ಗೆ. ಬಹುಪಾಲು ಸೆಲ್‌ಗಳನ್ನು ಚಾರ್ಜ್ ಮಾಡಲು ಕಂಪನಿಗಳು ಹೇಳುವ ಮಿತಿ ಸೊನ್ನೆಯಿಂದ 45 ಡಿಗ್ರಿ. ಏಪ್ರಿಲ್ ಮೇ ತಿಂಗಳಲ್ಲಿ ನಿಮ್ಮಲ್ಲಿ ಹೊರಗೇ 40 ದಾಟುತ್ತದೆ. ಪತ್ರಾಸಿನ ಛಾವಣಿ ಕೆಳಗೆ, ಅಡುಗೆ ಒಲೆ ಪಕ್ಕ, ಟಿವಿ ಮೇಲೆ ಇಟ್ಟರೆ ಸೆಲ್ ಶುರುವಿನಲ್ಲೇ ಮಿತಿಯ ಹತ್ತಿರ ಇರುತ್ತದೆ. ಬೇಸಿಗೆಯಲ್ಲಿ ಬೆಳಗಿನ ಜಾವ ಎದ್ದ ಕೂಡಲೇ ಹಾಕಿ. ನೀವು ಎಚ್ಚರ ಇರುತ್ತೀರಿ, ಕಾವೂ ಕಡಿಮೆ ಇರುತ್ತದೆ. ಶಹಾಬಾದಿ ಕಲ್ಲಿನ ನೆಲ ಒಳ್ಳೆಯ ಜಾಗ. ಹಾಸಿಗೆ, ಸೋಫಾ, ಪತ್ರಿಕೆಯ ರಾಶಿ, ಬಟ್ಟೆ ಕಪಾಟು ಬೇಡ. ಸೆಲ್ ಬೆಚ್ಚಗಾಗುವುದು ಸಹಜ. ಬೆರಳಿಡಲು ಆಗದಷ್ಟು ಬಿಸಿಯಾದರೆ ಪ್ಲಗ್ ಕಿತ್ತು ಅಂಗಳಕ್ಕೆ ಒಯ್ದು ಬಿಡಿ. ಮಕ್ಕಳನ್ನು ದೂರ ಇಡಿ.

ಗೋಳಗುಮ್ಮಟದ ಮುಂದೆ ಬಿಸಿಲಲ್ಲಿ ಕಾರು ನಿಲ್ಲಿಸಿ, ಡ್ಯಾಶ್‌ಬೋರ್ಡ್ ಮೇಲೆ ಪವರ್ ಬ್ಯಾಂಕ್ ಬಿಟ್ಟು ಒಳಗೆ ಹೋಗುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಮುಚ್ಚಿದ ಕಾರಿನೊಳಗಿನ ಕಾವು ಹೊರಗಿನದಕ್ಕಿಂತ ಎಷ್ಟೋ ಜಾಸ್ತಿ. ನಿಮ್ಮ ಮನೆಯವರಿಗೂ ಹೇಳಿ.

ಪ್ರಶ್ನೆ: ಹಳೆ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ಆರು ಸೆಲ್ ತೆಗೆದಿದ್ದೇನೆ. ಟಿಪಿ4056 ಬೋರ್ಡಿನಿಂದ ಚಾರ್ಜ್ ಮಾಡಿ ಪವರ್ ಬ್ಯಾಂಕ್ ಮಾಡಬೇಕೆಂದಿದ್ದೇನೆ. ಕೆಟ್ಟ ಸೋಲಾರ್ ಬೀದಿದೀಪದ ಸೆಲ್‌ಗಳೂ ಇವೆ. ಸೇರಿಸಬಹುದೇ? — ಡಿಪ್ಲೊಮಾ ವಿದ್ಯಾರ್ಥಿ, ಬಾಗಲಕೋಟೆ

ಇಂಥ ಪತ್ರ ಬಂದರೆ ನನಗೆ ಖುಷಿ. ನನ್ನ ಅಪ್ಪ ರೇಡಿಯೊ ಬಿಚ್ಚಿ ಕಲಿತವರು, ನಾನು ಅವರ ಪಕ್ಕ ಕೂತು ಕಲಿತವಳು. ಮಾಡು, ಆದರೆ ನಾನು ಹೇಳುವ ಕ್ರಮದಲ್ಲಿ.

ಸೋಲಾರ್ ದೀಪದ ಸೆಲ್‌ಗಳನ್ನು ಮೊದಲು ಪಕ್ಕಕ್ಕಿಡು. ಅವು ಹೆಚ್ಚಾಗಿ ಲಿಥಿಯಂ ಐರನ್ ಫಾಸ್ಫೇಟ್ ಇರುತ್ತವೆ. ನೋಡಲು ಹಾಗೇ ಇದ್ದರೂ ಅವು 3.2 ವೋಲ್ಟಿನವು, ತುಂಬಿದಾಗ 3.65. ಟಿಪಿ4056 ಎಲ್ಲವನ್ನೂ 4.2ಕ್ಕೆ ಒಯ್ಯುತ್ತದೆ. ಅವನ್ನು ಅದರಲ್ಲಿ ಹಾಕಬಾರದು, ಇವುಗಳ ಜೊತೆ ಸೇರಿಸಲೂಬಾರದು.

ಲ್ಯಾಪ್‌ಟಾಪಿನ ಆರನ್ನು ಮೀಟರ್‌ನಲ್ಲಿ ಅಳೆ. 2.5 ವೋಲ್ಟಿಗಿಂತ ಕೆಳಗೆ ಬಹಳ ದಿನ ಬಿದ್ದಿದ್ದನ್ನು ಎಬ್ಬಿಸಲು ಹೋಗಬೇಡ. ತೀರಾ ಖಾಲಿಯಾದಾಗ ನೆಗೆಟಿವ್ ಬದಿಯ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗಡೆಯೇ ಶಾರ್ಟ್ ಆಗಬಹುದು. ಯೂಟ್ಯೂಬಿನಲ್ಲಿ ಸತ್ತ ಸೆಲ್ ಬದುಕಿಸುವ ವಿಡಿಯೊಗಳನ್ನು ನಂಬಬೇಡ. ಅವತ್ತು ಬದುಕಿದ ಹಾಗೆ ಕಾಣುತ್ತದೆ, ಆಮೇಲೆ ಏನಾಯಿತು ಎಂಬುದನ್ನು ಯಾರೂ ತೋರಿಸುವುದಿಲ್ಲ.

ಉಳಿದವನ್ನು ಒಂದೊಂದಾಗಿ ಚಾರ್ಜ್ ಮಾಡು. ಬಿಸಿಯಾದದ್ದನ್ನು ಬಿಡು. ತುಂಬಿದವನ್ನು ಎರಡು ವಾರ ಹಾಗೇ ಇಟ್ಟು ಮತ್ತೆ ಅಳೆ. ಒಂದೆರಡು ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಇಳಿದಿದ್ದರೆ ಅವೂ ಬೇಡ. ಈ ಎರಡು ವಾರ ಕಾಯುವ ತಾಳ್ಮೆಯೇ ಇದರಲ್ಲಿ ನಿಜವಾದ ಪರೀಕ್ಷೆ. ಗಡಿಬಿಡಿ ಮಾಡಬೇಡ.

ಬೋರ್ಡ್ ಕೊಳ್ಳುವಾಗ ಔಟ್ ಎಂದು ಪ್ರತ್ಯೇಕ ಎರಡು ತುದಿ ಇರುವುದನ್ನೇ ಕೊಳ್ಳು. ಅದರಲ್ಲಿ ಕಾವಲು ಚಿಪ್ ಕೂಡ ಇರುತ್ತದೆ. ಬರೀ ಬ್ಯಾಟರಿ ತುದಿ ಮಾತ್ರ ಇರುವುದರಲ್ಲಿ ಅದು ಇರುವುದಿಲ್ಲ. ಅಂಗಡಿಯಿಂದ ಬರುವಾಗ ಅದರಲ್ಲಿ 1.2 ಕಿಲೊ ಓಮ್ ರೆಸಿಸ್ಟರ್ ಇರುತ್ತದೆ, ಚಾರ್ಜಿಂಗ್ 1 ಆಂಪ್. ಹಳೆ ಸೆಲ್ಲಿಗೆ ಅದನ್ನು ತೆಗೆದು 2 ಕಿಲೊ ಓಮ್ ಹಾಕಿದರೆ 580 ಮಿಲಿ ಆಂಪಿಗೆ ಇಳಿಯುತ್ತದೆ. ಹಾಗೇ ಮಾಡು.

ಸೆಲ್ ಮೇಲೆ ನೇರವಾಗಿ ಸೋಲ್ಡರ್ ಹಾಕಬೇಡ. ಆ ಕಾವು ಒಳಗಿನ ತೆಳ್ಳನೆ ಪದರಕ್ಕೆ ಹೋಗುತ್ತದೆ. ನಿಕಲ್ ಪಟ್ಟಿ ಸ್ಪಾಟ್ ವೆಲ್ಡ್ ಮಾಡಿಸು, ಇಲ್ಲವೇ ಸೆಲ್ ಹೋಲ್ಡರ್ ಬಳಸು. ಪ್ಯಾರಲಲ್‌ನಲ್ಲಿ ಜೋಡಿಸುವ ಮುಂಚೆ ಎಲ್ಲ ಸೆಲ್ಲಿನ ವೋಲ್ಟ್ ಹತ್ತಿರ ಹತ್ತಿರ ಸಮ ಇರಬೇಕು. ತುಂಬಿದ್ದನ್ನೂ ಖಾಲಿಯನ್ನೂ ತಾಗಿಸಿದರೆ ಒಂದರಿಂದ ಒಂದಕ್ಕೆ ಕರೆಂಟ್ ನುಗ್ಗುತ್ತದೆ. ಕೈಯಲ್ಲಿ ಉಂಗುರ, ಬಳೆ, ಲೋಹದ ಗಡಿಯಾರ ಇರಬಾರದು. ನಾನು ಕೆಲಸಕ್ಕೆ ಕೂರುವಾಗ ಬಳೆ ತೆಗೆದಿಟ್ಟೇ ಕೂರುತ್ತೇನೆ.

ಸೆಲ್ಲಿನ ಹೊದಿಕೆ ಹರಿದಿದ್ದರೆ ಹೊಸದು ತೊಡಿಸಬಹುದು. ಅದಕ್ಕೆಂದೇ ಕಾವಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ. ಹೇರ್ ಡ್ರೈಯರ್ ಸಾಕು. ಮೇಲಿನ ಕಾಗದದ ಬಿಲ್ಲೆ ಹಾಕಲು ಮರೆಯಬೇಡ. ಡಬ್ಬಿಗೆ ತಗ್ಗು ಬಿದ್ದಿದ್ದರೆ, ತುಕ್ಕು ಹಿಡಿದಿದ್ದರೆ, ಸಿಹಿ ವಾಸನೆಯ ದ್ರವ ಜಿನುಗಿದ್ದರೆ ಹೊದಿಕೆ ತೊಡಿಸುವುದು ಬೇಡ, ಅದರ ಆಯಸ್ಸು ಮುಗಿದಿದೆ.

ಪ್ರಶ್ನೆ: ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹೋಗುವಾಗ ಕ್ಯಾಮೆರಾ ದೀಪದ ನಾಲ್ಕು ಬಿಡಿ ಸೆಲ್ ಒಯ್ಯಬಹುದೇ? — ಫೋಟೊಗ್ರಾಫರ್, ಗೋಕಾಕ

ಒಯ್ಯಬಹುದು, ಕೈಚೀಲದಲ್ಲಿ ಮಾತ್ರ. ಕೆಳಗೆ ಹಾಕುವ ಲಗೇಜಿನಲ್ಲಿ ಬಿಡಿ ಲಿಥಿಯಂ ಸೆಲ್ ಇಡುವಂತಿಲ್ಲ. ಕೂತಲ್ಲಿ ಹೊಗೆ ಬಂದರೆ ಯಾರಾದರೂ ನೋಡುತ್ತಾರೆ, ಕೆಳಗಿನ ಗೂಡಿನಲ್ಲಿ ಬಂದರೆ ನೋಡುವವರಿಲ್ಲ. ಮಿತಿ ಒಂದು ಬ್ಯಾಟರಿಗೆ 100 ವ್ಯಾಟ್ ಅವರ್. ನಿಮ್ಮದು 3000 ಎಂಎಎಚ್ ಇದ್ದರೆ 3.6 ವೋಲ್ಟಿಗೆ 10.8 ವ್ಯಾಟ್ ಅವರ್ ಮಾತ್ರ. ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಮನೆ ಇರುವ ಡಬ್ಬಿಯಲ್ಲಿಡಿ.

ಪ್ರಶ್ನೆ: ಸೆಲ್ಲಿಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಲಿಥಿಯಂ ನೀರಿಗೆ ಸಿಡಿಯುತ್ತದೆ ಎನ್ನುತ್ತಾರೆ. ನಿಜವೇ? ಕೆಟ್ಟ ಸೆಲ್ ಎಲ್ಲಿ ಎಸೆಯಬೇಕು? — ಶಿಕ್ಷಕಿ, ಇಳಕಲ್ಲು

ಶಾಲೆಯ ಲ್ಯಾಬಿನಲ್ಲಿ ಲೋಹದ ಚೂರು ನೀರಿಗೆ ಹಾಕಿ ತೋರಿಸಿದ್ದನ್ನು ನೆನೆದು ಜನ ಹೀಗೆ ಹೇಳುತ್ತಾರೆ. ಈ ಸೆಲ್‌ಗಳಲ್ಲಿ ಲಿಥಿಯಂ ಆ ಥರ ಲೋಹದ ತುಂಡಾಗಿ ಇರುವುದಿಲ್ಲ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಆಮೇಲೆ ದೂರದಿಂದ ಧಾರಾಳವಾಗಿ ನೀರು ಹಾಕಿ. ಇಲ್ಲಿ ನೀರಿನ ಕೆಲಸ ಕಾವು ಇಳಿಸುವುದು. ಉರಿ ಆರಿದ ಮೇಲೂ ಒಳಗೆ ಕಾವು ಉಳಿದಿದ್ದರೆ ಮತ್ತೆ ಹತ್ತಿಕೊಳ್ಳುತ್ತದೆ, ಪಕ್ಕದ ಸೆಲ್ಲಿಗೂ ಹೋಗುತ್ತದೆ. ಮರಳು ಹರಡುವುದನ್ನು ತಡೆಯುತ್ತದೆ, ತಣ್ಣಗೆ ಮಾಡುವುದಿಲ್ಲ. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷ ಇರುತ್ತದೆ. ಕೋಣೆ ತುಂಬ ಹೊಗೆ ಇದ್ದರೆ ನಂದಿಸುವ ಸಾಹಸ ಬೇಡ. ಎಲ್ಲರನ್ನೂ ಹೊರಗೆ ಕಳಿಸಿ 112ಕ್ಕೆ ಕರೆ ಮಾಡಿ.

ಕೆಟ್ಟ ಸೆಲ್ಲನ್ನು ಕಸದ ಗಾಡಿಗೆ ಹಾಕಲೇಬೇಡಿ. ಗಾಡಿಯಲ್ಲಿ ಕಸ ಒತ್ತುವಾಗ ಅದು ಜಜ್ಜಿಹೋಗಿ ಬೆಂಕಿ ಹತ್ತುತ್ತದೆ. ಅದರ ಹತ್ತಿರ ಇರುವವರು ಪೌರಕಾರ್ಮಿಕರು. 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಬಳಸಿದ ಬ್ಯಾಟರಿಯನ್ನು ವಾಪಸ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರ ಮತ್ತು ಆಮದುದಾರರ ಮೇಲಿದೆ. ಕೊಂಡ ಅಂಗಡಿಯಲ್ಲೇ ವಾಪಸ್ ಕೇಳಿ. ಅಲ್ಲಿ ಒಪ್ಪದಿದ್ದರೆ ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ. ಕೊಡುವ ತನಕ ತುದಿಗಳಿಗೆ ಟೇಪ್ ಅಂಟಿಸಿ, ಒಂದೊಂದನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಣ್ಣಿನ ಕುಂಡದಲ್ಲಿ ಮರಳು ಹಾಕಿ ಅದರೊಳಗೆ ಇಡಿ. ಮಳೆ ನೀರು ಬೀಳದ, ಮಕ್ಕಳ ಕೈಗೆ ಸಿಗದ ಜಾಗ ಇರಲಿ. ನಿಮ್ಮ ಶಾಲೆಯಲ್ಲಿ ಅಂಥ ಒಂದು ಕುಂಡ ಇಟ್ಟರೆ ಮಕ್ಕಳು ಮನೆಯಿಂದ ತಂದು ಕೊಡುತ್ತಾರೆ. ತಂದದ್ದನ್ನು ಮೊದಲು ನೀವೇ ನೋಡಿ ಟೇಪ್ ಹಚ್ಚಿ, ಆಮೇಲೆ ಕುಂಡಕ್ಕೆ ಹಾಕಿ. ಊದಿಕೊಂಡ ಮೊಬೈಲ್ ಬ್ಯಾಟರಿ ತಂದರೆ ಮಕ್ಕಳ ಕೈಯಿಂದ ಕೂಡಲೇ ತೆಗೆದುಕೊಳ್ಳಿ. ಅದನ್ನು ಚುಚ್ಚಬಾರದು, ಒತ್ತಬಾರದು. ಬೇರೆ ಕುಂಡದಲ್ಲಿ ಒಂದೇ ಇಡಿ.